ಹಿಂದಿನ ಸೀಟಿನವ್ರನ್ನ ಕೇಳಿ ಸ್ಪ್ರಿಂಗ್ ಬದಲಾಯ್ಸಿ

ಅಕ್ಕಂದಿರೇ, ಅತ್ತಿಗೆಯರೇ, ಈ ಸಲ ಉಪ್ಪಿನಕಾಯಿ ವಿಷ್ಯ ಅಲ್ಲ, ಕಾರಿನ ವಿಷ್ಯ. ನಗಬೇಡಿ. ನಮ್ಮ ರಾಬರ್ಟ್‌ಸನ್‌ಪೇಟೇಲಿ ಕಾರೂ ಇದ್ದು, ಇಪ್ಪತ್ತು ದಾಟಿದ ಹುಡುಗನೂ ಇರೋ ಮನೇಲಿ ಒಂದಲ್ಲ ಒಂದಿನ ಈ ಮಾತು ಬರ್ತದೆ: "ಅಮ್ಮಾ, ಹಿಂದಿನ ಸಸ್ಪೆನ್ಷನ್ ಬದಲಾಯ್ಸ್ಬೇಕು, ದುಡ್ಡು ಕೊಡು." ನಮ್ಮನೇಲೂ ಬಂದೈತೆ. ವಾರವೆಲ್ಲಾ ರೈಲಲ್ಲಿ ಬೆಂಗಳೂರಿಗೆ ಹೋಗಿ ಬರೋ ನನ್ನ ಮಗನಿಗೆ ಡ್ರ್ಯಾಗ್ ರೇಸಿನ ಆಸೆ. ಇರೋದು ಒಂದೇ ಕಾರು, ಸ್ವಿಫ್ಟು. ಅದೇ ಕಾರಲ್ಲಿ ನಮ್ಮತ್ತೆ ಸೊಂಟನೋವಿಗೆ ತಿಂಗಳಿಗೆರಡು ಸಲ ಕೋಲಾರದ ಆಸ್ಪತ್ರೆಗೆ ಹೋಗ್ಬೇಕು.

ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ. ರಸ್ತೆಗೂ ರೇಸಿಗೂ ಒಂದೇ ಕಾರು ಅಂದ್ರೆ, ಹಿಂದೆ ಏನು ಹಾಕ್ಬೇಕು ಅನ್ನೋದನ್ನ ಓಡ್ಸೋನು ಒಬ್ನೇ ತೀರ್ಮಾನ ಮಾಡ್ಬಾರ್ದು. ಹಿಂದೆ ಕೂತ್ಕೊಳ್ಳೋರನ್ನೂ ಕೇಳ್ಬೇಕು.

ಡ್ರ್ಯಾಗ್ ರೇಸ್ ಅಂದ್ರೆ ನಿಂತ ಜಾಗದಿಂದ ನೆಟ್ಟಗೆ ಓಡೋದು. ಕಾಲು ಮೈಲಿ, ಅಂದ್ರೆ ಸುಮಾರು 402 ಮೀಟರ್. ತಿರುವಿಲ್ಲ, ಗುಂಡಿ ಇಲ್ಲ, ಹಂಪಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ವಿಮಾನ ಇಳಿಯೋ ಪಟ್ಟೀನ ಬಾಡಿಗೆಗೆ ತಗೊಳ್ತಾರೆ. ಬೆಂಗಳೂರಿನ ಜಕ್ಕೂರಲ್ಲಿ ಹಿಂದೆ ನಡೆದೈತೆ, ಮಹಾರಾಷ್ಟ್ರದ ಆಂಬಿ ವ್ಯಾಲೀಲೂ ನಡೆದೈತೆ. ಅಂಥ ನುಣ್ಣನೆ ಪಟ್ಟಿಗೆ ಹೊಂದೋ ಗಾಡಿ ನಮ್ಮ ಆಂಡರ್ಸನ್‌ಪೇಟೆ ರಸ್ತೆಗೆ ಹೊಂದ್ತದಾ, ನೀವೇ ಹೇಳಿ.

ಕಾರಿನ ಹಿಂಭಾಗದಲ್ಲಿ ಮುಖ್ಯವಾಗಿ ಎರಡು ಸಾಮಾನು. ಸ್ಪ್ರಿಂಗ್ ಭಾರ ಹೊರ್ತದೆ, ಶಾಕ್ ಅಬ್ಸಾರ್ಬರ್ ಕುಣಿಯೋದನ್ನ ನಿಲ್ಲಿಸ್ತದೆ. ಮಗು ಮಲಗಿಸೋಕೆ ಸ್ಪ್ರಿಂಗ್ ತೊಟ್ಟಿಲು ಕಟ್ತೀವಲ್ಲ, ಅದನ್ನ ಒಂದು ಸಲ ಎಳೆದು ಬಿಟ್ರೆ ಕುಣೀತಾನೇ ಇರ್ತದೆ. ನಾವು ಕೈ ಹಿಡಿದ್ರೆ ನಿಲ್ತದೆ. ಆ ಕೈಯೇ ಶಾಕು. ಹಳೇ ಶಾಕಿನ ಮೇಲೆ ಹೊಸಾ ಗಟ್ಟಿ ಸ್ಪ್ರಿಂಗ್ ಇಕ್ಕಿದ್ರೆ, ಸೋತ ಕೈಗೆ ಇನ್ನೂ ಜೋರು ತೊಟ್ಟಿಲು ಕೊಟ್ಟಂಗೆ.

ನಿಂತ ಬಸ್ಸು ಜಗ್ ಅಂತ ಹೊರಟ್ರೆ ನಾವು ಹಿಂದಕ್ಕೆ ವಾಲ್ತೀವಲ್ಲ, ಕಾರಿನ ಭಾರಾನೂ ಹಂಗೇ ಹಿಂದಿನ ಚಕ್ರದ ಮೇಲಕ್ಕೆ ಹೋಗ್ತದೆ. ಹುಡುಗ್ರು ನೋಡೋ ಅಮೆರಿಕಾ ವಿಡಿಯೋದಲ್ಲಿ ಮಸ್ಟಾಂಗ್ ತರದ ಕಾರಿಗೆ ಇಂಜಿನ್ ಶಕ್ತಿ ಹೋಗೋದು ಹಿಂದಿನ ಚಕ್ರಕ್ಕೆ. ಭಾರ ಹಿಂದೆ ಬಂದಷ್ಟೂ ಆ ಚಕ್ರ ನೆಲಾನ ಕಚ್ಚಿ ಹಿಡೀತದೆ. ಅದಕ್ಕೇ ಅವ್ರು ಹಿಂದಿನ ಸಸ್ಪೆನ್ಷನ್ ಮೇಲೆ ಅಷ್ಟು ದುಡ್ಡು ಸುರೀತಾರೆ. ನಮ್ಮ ಕಡೆ ಹಳೇ ಅಂಬಾಸಿಡರ್, ಓಮ್ನಿ ಎಲ್ಲಾ ಹಿಂದಿನ ಚಕ್ರದ ಗಾಡಿಗಳೇ. ಪಟ್ಟಿ ಮೇಲೆ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗು ಅವಕ್ಕೆ. ಜೋರಾಗಿ ಎಳೆದ್ರೆ ಆ ಪಟ್ಟಿ ಮುರುಚ್ಕೊಂಡು ಚಕ್ರ ಟಪಟಪ ಹಾರ್ತದೆ, ಅದನ್ನ ತಡೆಯೋಕೆ ಬೇರೆ ಸಲಾಕೆ ಕಟ್ಟೋರೂ ಉಂಟು.

ಆದ್ರೆ ಸ್ವಿಫ್ಟು, ಐ20, ಪೋಲೋ ಇವೆಲ್ಲಾ ಮುಂದಿನ ಚಕ್ರ ಎಳೆಯೋ ಗಾಡಿಗಳು. ಇಲ್ಲಿ ಭಾರ ಹಿಂದಕ್ಕೆ ಹೋದ್ರೆ ಎಳೆಯೋ ಚಕ್ರಾನೇ ಹಗುರ ಆಗಿ ಸುಮ್ನೆ ಸುತ್ತದೆ. ಹಿಂದೆ ಗಟ್ಟಿ ಸ್ಪ್ರಿಂಗ್ ಇಕ್ಕಿದ್ರೆ ಕಾರು ಹಿಂದಕ್ಕೆ ಕುಕ್ಕರಿಸೋದು ಕಮ್ಮಿ ಆಗ್ತದೆ, ನಿಜ. ಹಿಂದಕ್ಕೆ ಹೋಗೋ ಭಾರ ಮಾತ್ರ ಅಷ್ಟೇನೂ ಕಮ್ಮಿ ಆಗಲ್ಲ. ಅದು ಎರಡು ಚಕ್ರದ ನಡುವಿನ ಉದ್ದ, ಗಾಡಿ ಭಾರ ಎಷ್ಟು ಎತ್ತರದಲ್ಲೈತೆ ಅನ್ನೋದರ ಮೇಲೆ ಹೋಗ್ತದೆ. ಹಂಗಾಗಿ ರೇಸಿಗೇ ದುಡ್ಡು ಹಾಕೋದಾದ್ರೂ ಮುಂದಿನ ಒಳ್ಳೇ ಟೈರಿಗೆ ಹಾಕು ಅಂತೀನಿ ನಾನು.

ಇನ್ನು ರಸ್ತೆ ಮಾತು. ಹಿಂದೆ ಜಾಸ್ತಿ ಗಟ್ಟಿ ಮಾಡಿದ್ರೆ ಗುಂಡಿ ರಸ್ತೇಲಿ ಟೈರು ನೆಲಕ್ಕೆ ಸರಿಯಾಗಿ ಕೂರಲ್ಲ, ಎಗರ್ತದೆ. ಮಳೇಲಿ ತಿರುವಲ್ಲಿ ಕಾರಿನ ಹಿಂಭಾಗ ಜಾರೋ ಭಯ. ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸೋದಂತೂ ಬೇಡವೇ ಬೇಡ. ಕತ್ತರಿಸಿದ ತುದಿ ತನ್ನ ಜಾಗದಲ್ಲಿ ಸರಿಯಾಗಿ ಕೂರಲ್ಲ. ಶಾಕು ಮೇಲೆ ಕೆಳಗೆ ಆಡೋ ಜಾಗಾನೂ ಮುಗಿದುಹೋಗ್ತದೆ. ಹಿಂದೆ ಮೂರು ಜನ ಕೂತು, ಡಿಕ್ಕೀಲಿ ಅಕ್ಕಿ ಮೂಟೆ ಇದ್ರೆ ಪ್ರತಿ ಹಂಪಿಗೂ ತಳ ಕುಟ್ಟುತ್ತೆ. ಆ ಕುಟ್ಟು ನೇರ ಹೋಗೋದು ನಮ್ಮತ್ತೆ ಸೊಂಟಕ್ಕೆ.

ಹಾಗಂತ ಏನೂ ಮಾಡ್ಬೇಡಿ ಅಂತ ನಾನು ಹೇಳ್ತಿಲ್ಲ. ಕಾರಿನ ಹಿಂಭಾಗಾನ ಕೈಯಿಂದ ಜೋರಾಗಿ ಅದುಮಿ ಬಿಡಿ. ಒಂದು ಸಲ ಎದ್ದು ಸುಮ್ನಾದ್ರೆ ಸರಿ. ಎರಡು ಮೂರು ಸಲ ಕುಣಿದ್ರೆ, ಇಲ್ಲಾ ಶಾಕಿನ ಮೇಲೆ ಎಣ್ಣೆ ಜಿನುಗಿದ್ರೆ, ಶಾಕು ಹೋಗೈತೆ ಅಂತ. ಬದಲಾಯ್ಸೋವಾಗ ಎಡ ಬಲ ಎರಡನ್ನೂ ಒಟ್ಟಿಗೇ ಬದಲಾಯ್ಸಿ. ಜೊತೇಲೇ ಬುಷ್ಷು ನೋಡಿ. ಆ ರಬ್ಬರು ಸವೆದಿದ್ರೆ ಎಷ್ಟು ದುಬಾರಿ ಶಾಕು ಹಾಕಿದ್ರೂ ಕಟಕಟ ಅನ್ನೋದು ತಪ್ಪಲ್ಲ. ಕಂಪನಿ ಎತ್ತರಾನೇ ಇಟ್ಕೊಂಡು, ಅದೇ ಅಳತೆಯ ಒಳ್ಳೇ ಗ್ಯಾಸ್ ಶಾಕು ಹಾಕ್ಸಿದ್ರೆ ಹೈವೇಲೂ ಕಾರು ಕುಣಿಯಲ್ಲ. ತಿರುಗಿಸಿ ಮೆದು ಗಟ್ಟಿ ಮಾಡ್ಕೊಳ್ಳೋ ಶಾಕೂ ಸಿಗ್ತವೆ. ಒಂದೇ ಕಾರಿಗೆ ಎರಡು ಬಾಳು ಬೇಕು ಅನ್ನೋನಿಗೆ ಅವೇ ಸರಿ, ಬೆಲೆ ಮಾತ್ರ ಮಾಮೂಲಿಗಿಂತ ಎಷ್ಟೋ ಪಟ್ಟು. ಅದು ಅವನ ಸಂಬಳದಲ್ಲಿ ಆಗ್ಲಿ. ಸ್ಪ್ರಿಂಗ್ ಸುತ್ತಿನ ಮಧ್ಯೆ ತುರುಕೋ ರಬ್ಬರ್ ಬಫರ್ ಅಗ್ಗ, ಭಾರ ಹೊರೋಕೆ ಆಗ್ತದೆ. ಆದ್ರೆ ಖಾಲಿ ಗಾಡೀಲಿ ಎತ್ತಿ ಎತ್ತಿ ಹಾಕ್ತದೆ.

ಕಾನೂನೂ ತಿಳ್ಕೊಳ್ಳಿ. ಹಳೇ ಶಾಕು ತೆಗೆದು ಅದೇ ತರದ್ದು ಹಾಕೋದು ರಿಪೇರಿ. ಕಂಪನಿ ಮಾಡಿದ ಗಾಡಿಯ ರೂಪಾನೇ ಬದಲಾಯ್ಸೋದು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಅಡ್ಡ ಐತೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ನಮ್ಮ ಇನ್ಷೂರೆನ್ಸ್ ಪಾಲಿಸೀಲೂ ಓದಿ ನೋಡಿ, ರೇಸು, ವೇಗದ ಪರೀಕ್ಷೆ ಇದಕ್ಕೆಲ್ಲಾ ಬಳಸಂಗಿಲ್ಲ ಅಂತ ಬರೆದಿರ್ತದೆ. ರೇಸಲ್ಲಿ ಕಾರು ಗುದ್ದಿದ್ರೆ ಆ ಖರ್ಚು ಮನೆಯದೇ. ಇನ್ನು ಬೇತಮಂಗಲದ ಕಡೆ ಬಂದಿರೋ ಹೊಸಾ ಎಕ್ಸ್‌ಪ್ರೆಸ್‌ವೇ ನುಣ್ಣಗಿದ್ರೂ ಅದು ರೇಸ್ ಪಟ್ಟಿ ಅಲ್ಲ. ರಸ್ತೇಲಿ ರೇಸು ಅದೇ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಅಲ್ಲಿ ಓಡಾಡೋದೂ ನಮ್ಮಂಥ ಮನೆಯವ್ರೇ.

ಮಗ ಇದನ್ನೆಲ್ಲಾ ಒಪ್ಪಿಲ್ಲ. "ನಿಂಗೇನಮ್ಮ ಗೊತ್ತು, ನೀನು ಓಡ್ಸಲ್ಲ" ಅಂತಾನೆ. ಓಡ್ಸಲ್ಲ ನಿಜ, ಆದ್ರೆ ಇಪ್ಪತ್ತು ವರ್ಷದಿಂದ ಹಿಂದಿನ ಸೀಟಲ್ಲಿ ಕೂತಿರೋಳು ನಾನೇ. ಶಾಕು, ಬುಷ್ಷಿಗೆ ಮನೆ ದುಡ್ಡು ಕೊಡ್ತೀನಿ, ಕಾರು ತಗ್ಗಿಸೋಕೆ ಒಂದು ರೂಪಾಯೀನೂ ಕೊಡಲ್ಲ ಅಂದಿದೀನಿ.

ನಿಮ್ಮನೆ ಹುಡುಗನೂ ಕೇಳಿದ್ರೆ ಮೂರೇ ಪ್ರಶ್ನೆ ಕೇಳಿ. ಗಾಡಿ ಎಳೆಯೋದು ಯಾವ ಚಕ್ರ? ವರ್ಷದಲ್ಲಿ ಎಷ್ಟು ದಿನ ರೇಸು, ಎಷ್ಟು ದಿನ ರಸ್ತೆ? ಹಿಂದೆ ಕೂರೋರು ಯಾರು? ಮೂರಕ್ಕೂ ನೆಟ್ಟಗೆ ಉತ್ತರ ಹೇಳಿದ ಮೇಲೆ ದುಡ್ಡಿನ ಮಾತಾಡಿ.