ಸಕ್ಕರೆ ತಪಾಸಣೆಯಲ್ಲಿ ನರಗಳಿಗೂ ಜಾಗ ಬೇಕು

‘ರಾತ್ರಿ ಒಂದೇ ರೊಟ್ಟಿ ಉಂಡೀನ್ರಿ, ಸಿಹಿ ಮುಟ್ಟಿಲ್ಲ. ಮುಂಜಾನೆ ಶುಗರ್ ಯಾಕ ಇಷ್ಟ್ ಏರೈತ್ರಿ?’ ಇಳಕಲ್, ಹುನಗುಂದ, ಬಾದಾಮಿ ಕಡೆಯ ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳುವ ಪ್ರಶ್ನೆ ಇದು. ಉತ್ತರವಾಗಿ ಹಲವರಿಗೆ ಸಿಗುವುದು ಗದರಿಕೆ. ಆದರೆ ರೋಗಿ ಸುಳ್ಳು ಹೇಳಿರಬೇಕೆಂದೇನಿಲ್ಲ. ಬಾಯಿಗೆ ತುತ್ತು ಹೋಗದ ಹೊತ್ತಿನಲ್ಲೂ ರಕ್ತಕ್ಕೆ ಸಕ್ಕರೆ ಹಾಕುವ ಅಂಗವೊಂದಿದೆ. ಅದೇ ಯಕೃತ್ತು, ಜನರ ಮಾತಿನ ಲಿವರ್.

ವಯಸ್ಕರ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಸಕ್ಕರೆ ಸುಮಾರು 5 ಗ್ರಾಂ, ಒಂದು ಚಮಚ. ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಹೀಗಾಗಿ ಯಕೃತ್ತು ಉಂಡಾಗ ಸುಮಾರು 100 ಗ್ರಾಂನಷ್ಟನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟು, ಹಸಿದಾಗ ಬಿಡುತ್ತದೆ. ಎಷ್ಟು ಬಿಡಬೇಕೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಇನ್ಸುಲಿನ್ ಮತ್ತು ಗ್ಲುಕಗಾನ್ ಹಾರ್ಮೋನುಗಳು. ಇದರಲ್ಲಿ ನರಗಳಿಗೂ ಪಾಲಿದೆ.

ಆ ಪಾಲು ಗೊತ್ತಾಗಿ ಬಹಳ ಕಾಲವಾಯಿತು. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1849ರಲ್ಲಿ ಮೊಲದ ಮಿದುಳಿನ ಬುಡಕ್ಕೆ ಸೂಜಿ ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿತು. ಇನ್ಸುಲಿನ್ ಪತ್ತೆಯಾದದ್ದು ಅದಾದ ಎಷ್ಟೋ ವರ್ಷಗಳ ನಂತರ, 1921ರಲ್ಲಿ. ಕರುಳಿನಿಂದ ಯಕೃತ್ತಿಗೆ ಹೋಗುವ ರಕ್ತನಾಳದಲ್ಲಿರುವ ನರತುದಿಗಳು ಸಕ್ಕರೆಯ ಮಟ್ಟವನ್ನು ಗ್ರಹಿಸಿ ಮಿದುಳಿಗೆ ತಿಳಿಸುತ್ತವೆ. ಗಾಬರಿಯಾದಾಗ, ಸಕ್ಕರೆ ಕುಸಿದಾಗ ಅನುವೇದಕ (ಸಿಂಪಥೆಟಿಕ್) ನರಗಳು ಯಕೃತ್ತಿನಿಂದ ಸಕ್ಕರೆ ಬಿಡಿಸುತ್ತವೆ. ವೇಗಸ್ ಎಂಬ ಇನ್ನೊಂದು ನರ ಕೂಡಿಡುವ ಕೆಲಸಕ್ಕೆ ನೆರವಾಗುತ್ತದೆ. ನರಸಂಪರ್ಕ ಕಡಿದ ಕಸಿ ಯಕೃತ್ತೂ ಸಕ್ಕರೆ ನಿಭಾಯಿಸುತ್ತದೆ ಎಂಬುದು ನಿಜ. ಹಾರ್ಮೋನುಗಳೇ ಅಷ್ಟು ಸಮರ್ಥವಾಗಿವೆ. ಅಷ್ಟಕ್ಕೇ ನರಗಳನ್ನು ಮರೆಯಲಾಗದು, ಏಕೆಂದರೆ ಸಕ್ಕರೆ ಕಾಯಿಲೆ ಕಾಲಕ್ರಮೇಣ ನರಗಳನ್ನೇ ಕೆಡಿಸುತ್ತದೆ.

ಟೈಪ್ 2 ಕಾಯಿಲೆಯಲ್ಲಿ ಯಕೃತ್ತು ಇನ್ಸುಲಿನ್ ಮಾತು ಕೇಳದೆ ರಾತ್ರಿಯಿಡೀ ಸಕ್ಕರೆ ಸುರಿಯುತ್ತದೆ. ಮುಂಜಾನೆಯ ಏರಿಕೆಗೆ ಇದೊಂದು ಮುಖ್ಯ ಕಾರಣ. ಮೆಟ್ಫಾರ್ಮಿನ್ ಗುಳಿಗೆ ಹಿಡಿತ ಹಾಕುವುದು ಹೆಚ್ಚಾಗಿ ಇಲ್ಲಿಯೇ. ಸಕ್ಕರೆ ಕುಸಿದಾಗಿನ ಕಥೆ ಬೇರೆ. ಕೈ ನಡುಗುವುದು, ಬೆವರುವುದು, ಎದೆ ಬಡಿತ ಏರುವುದು ನರಗಳು ಕೊಡುವ ಮುನ್ಸೂಚನೆ. ವರ್ಷಗಟ್ಟಲೆ ಕಾಯಿಲೆಯಿಂದ ನರ ಸೋತವರಲ್ಲಿ, ಪದೇ ಪದೇ ಸಕ್ಕರೆ ಕುಸಿದವರಲ್ಲಿ ಈ ಸೂಚನೆ ಮಸುಕಾಗುತ್ತದೆ. ಅವರು ನೇರವಾಗಿ ಪ್ರಜ್ಞೆ ತಪ್ಪಿ ಬೀಳಬಹುದು.

ಬಾಗಲಕೋಟೆ ಜಿಲ್ಲೆಯ ದುಡಿಮೆಗೆ ಇದನ್ನು ಹೊಂದಿಸಿ ನೋಡಬೇಕು. ಇಳಕಲ್ಲಿನ ಕುಣಿಮಗ್ಗದಲ್ಲಿ ನೇಕಾರರು ಕುಣಿಯೊಳಗೆ ಕಾಲು ಇಳಿಬಿಟ್ಟು ಗಂಟೆಗಟ್ಟಲೆ ತುಳಿಯುತ್ತಾರೆ. ನರ ಕೆಟ್ಟು ಪಾದದ ಸ್ಪರ್ಶ ಸತ್ತಿದ್ದರೆ ಅಲ್ಲಾದ ಗಾಯ ಸಂಜೆಯವರೆಗೂ ತಿಳಿಯದು. ಹೊಲಕ್ಕೆ ಹೋಗುವವರು ಮುಂಜಾನೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗಿ, ಬುತ್ತಿ ಬಿಚ್ಚುವುದು ತಡವಾದರೆ ಅಲ್ಲೇ ಸಕ್ಕರೆ ಕುಸಿಯಬಹುದು. ಶ್ರಾವಣ ಸೋಮವಾರದ ಉಪವಾಸದಲ್ಲೂ ಇದೇ ಅಪಾಯ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜಿಸಿತು. ಇಷ್ಟು ಜನರ ಆರೋಗ್ಯವನ್ನು ಬೆರಳ ತುದಿಯ ಒಂದು ಹನಿ ರಕ್ತದ ಅಂಕಿಯಿಂದಷ್ಟೇ ಅಳೆಯುವುದು ತಪ್ಪು.

ತಾಲ್ಲೂಕು ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗ ವಿಭಾಗಗಳಲ್ಲಿ ಪ್ರತಿ ಮಧುಮೇಹಿಗೆ ವರ್ಷಕ್ಕೊಮ್ಮೆಯಾದರೂ ನರಗಳ ತಪಾಸಣೆ ಕಡ್ಡಾಯವಾಗಲಿ. ಪಾದದ ಸ್ಪರ್ಶ ನೋಡಲು 10 ಗ್ರಾಂ ಒತ್ತಡದ ನೈಲಾನ್ ಎಳೆ ಸಾಕು. ಮಲಗಿದಾಗ ಮತ್ತು ಎದ್ದು ನಿಂತ ಮೂರು ನಿಮಿಷದೊಳಗೆ ಬಿ.ಪಿ. ನೋಡಿದರೆ, ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದಿರುವುದು ನರ ಸೋತಿರುವ ಸುಳಿವಾಗಬಹುದು. ‘ಎಂದಾದರೂ ಏಕಾಏಕಿ ತಲೆ ತಿರುಗಿ ಬಿದ್ದಿದ್ದೀರಾ?’ ಎಂದು ಕೇಳಲು ಖರ್ಚೇ ಇಲ್ಲ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಎಚ್ಚರವಿದ್ದಾಗಲೇ ಮೂರು ಚಮಚ ಸಕ್ಕರೆ ತಿಂದು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕೆಂದು ಮನೆಯವರಿಗೂ ಕಲಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಇಂಥ ಪ್ರಶ್ನೆಗಳನ್ನು ಕಲಿಸಲು ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಕೈಜೋಡಿಸಬಹುದು. ಇದಕ್ಕೆ ಹೊಸ ಕಟ್ಟಡ ಬೇಡ, ದುಬಾರಿ ಯಂತ್ರ ಬೇಡ. ರೋಗಿಯ ಮಾತನ್ನು ನಂಬುವ, ಕಾಲು ಮುಟ್ಟಿ ನೋಡುವ ವೈದ್ಯಕೀಯ ಬೇಕು. ಜಿಲ್ಲಾ ಆರೋಗ್ಯ ಇಲಾಖೆ ಮನಸ್ಸು ಮಾಡಿದರೆ ಈ ವರ್ಷವೇ ಶುರುವಾದೀತು.