ಹಿಮಗಾಡಿಗೆ ಒಂದು ಚಕ್ಕಡಿ

ಮುಂಬಯಿಯಲ್ಲಿ ಕುಳಿತು ಹಿಮಗಾಡಿಯ ಮಾತೇಕೆ ಎಂದು ವಾಚಕರು ಹುಬ್ಬೇರಿಸಿಯಾರು. 2023ರ ಮಳೆಗಾಲ ಕಳೆದ ಮೇಲೆ ನಾವು ಕೆನಡಾದ ಸಡ್‌ಬರಿಯಲ್ಲಿರುವ ಸೋದರಳಿಯನ ಮನೆಯಲ್ಲಿ ಎರಡು ತಿಂಗಳು ಇದ್ದೆವು. ಅವನು ತನ್ನ ಗ್ಯಾರೇಜಿನಲ್ಲಿ ಹಿಮಗಾಡಿಯನ್ನು ಹೊತ್ತೊಯ್ಯಲು ಒಂದು ಟ್ರೇಲರನ್ನು ಸ್ವಂತ ಕೈಯಿಂದಲೇ ಕಟ್ಟುತ್ತಿದ್ದ. ಪಕ್ಕದಲ್ಲಿ ನಿಂತು ಕೇಳಿದಾಗ ಪಾನಾ ಕೊಡುವುದು ನಮ್ಮ ಪಾಲಿನ ಕೆಲಸ.

ಹಿಮಗಾಡಿ, ಅಂದರೆ ಸ್ನೋಮೊಬೈಲ್, ಮುಂದೆ ಎರಡು ಜಾರುಪಟ್ಟಿ, ಹಿಂದೆ ಸುತ್ತುವ ರಬ್ಬರಿನ ಪಟ್ಟ ಇರುವ ವಾಹನ. ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಊರಿನ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬಾತನ ಎರಡು ವರ್ಷದ ಮಗು 1934ರ ಚಳಿಗಾಲದಲ್ಲಿ ತೀರಿಕೊಂಡಿತು. ದಾರಿಯೆಲ್ಲ ಹಿಮ ಮುಚ್ಚಿ, ಆಸ್ಪತ್ರೆಗೆ ಒಯ್ಯಲಾಗಲಿಲ್ಲ. ಆತ 1937ರಲ್ಲಿ ಪಟ್ಟದ ಹಿಮವಾಹನಕ್ಕೆ ಪೇಟೆಂಟ್ ಪಡೆದ. 1959ರಲ್ಲಿ ಚಿಕ್ಕ ‘ಸ್ಕಿ-ಡೂ’ವನ್ನು ಮಾರಾಟಕ್ಕೆ ತಂದ. ಇಂದು ಮೋಜಿಗೆಂದು ಓಡಿಸುವವರಲ್ಲಿ ಎಷ್ಟು ಜನ ಆ ಮಗುವನ್ನು ನೆನೆಯುತ್ತಾರೋ!

ಹಿಮದ ಮೇಲೆ ಓಡುವ ಗಾಡಿಯನ್ನು ಹೊರಲು ಇನ್ನೊಂದು ಗಾಡಿ ಏಕೆ ಎಂದು ನಾವೂ ಕೇಳಿದೆವು. ಪಟ್ಟದೊಳಗೆ ಪ್ಲಾಸ್ಟಿಕ್ಕಿನ ಜಾರುಹಳಿಗಳಿವೆ. ಅವಕ್ಕೆ ಹಿಮವೇ ಎಣ್ಣೆ, ಹಿಮವೇ ತಂಪು. ಒಣ ಡಾಂಬರಿನ ಮೇಲೆ ಓಡಿಸಿದರೆ ಕಾದು ಕರಗುತ್ತವೆ. ಆದುದರಿಂದ ಹಿಮದ ಜಾಡಿನವರೆಗೆ ಹೊತ್ತುಕೊಂಡೇ ಹೋಗಬೇಕು.

ಅಳಿಯ ಹತ್ತು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಉಕ್ಕಿನ ಚೌಕಟ್ಟು ಮಾಡಿ, ಮೇಲೆ ಮುಕ್ಕಾಲು ಅಂಗುಲದ ಪ್ಲೈವುಡ್ ಹಾಸಿದ್ದ. ಒಂದು ಕೀಲು ಕಿತ್ತರೆ ಹಾಸು ಹಿಂದಕ್ಕೆ ವಾಲಿ ಅದರ ಅಂಚು ನೆಲ ಮುಟ್ಟುತ್ತದೆ. ಹಿಮಗಾಡಿ ಏರಿ ಮುಂದೆ ಸರಿದೊಡನೆ ತಾನಾಗಿ ಕೆಳಗೆ ಕೂಡುತ್ತದೆ. ಚಳಿಗಾಲದಲ್ಲಿ ಅಲ್ಲಿಯ ರಸ್ತೆಗೆ ಉಪ್ಪು ಸುರಿಯುತ್ತಾರೆ; ಅದು ಕಬ್ಬಿಣವನ್ನು ತಿನ್ನುತ್ತದೆಂದು ಎರಡು ಸಲ ಬಣ್ಣ ಬಳಿದ. ಕಾರಿಗೆ ಕಟ್ಟುವ ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಂತೆ ಅಡ್ಡಹಾಯಿಸಿದ. ಕೊಂಡಿ ಕಳಚಿದರೆ ಮೂಕಿ ನೆಲಕ್ಕೆ ಚುಚ್ಚದೆ ಸರಪಳಿಯ ತೊಟ್ಟಿಲಲ್ಲಿ ಬೀಳಲಿ ಎಂದು. ಹಿಂದಿನ ದೀಪಗಳಿಗೆ ನೆಲತಂತಿಯನ್ನು ಬೇರೆಯಾಗಿಯೇ ಎಳೆದ. ಇಷ್ಟೆಲ್ಲ ಮಾಡಿದ ಬುದ್ಧಿವಂತ ಅಚ್ಚನ್ನು ಮಾತ್ರ ಹಾಸಿನ ನಟ್ಟನಡುವೆ ಕೂಡಿಸಿದ್ದ. ನೋಡಲಿಕ್ಕೆ ಅಂದವಾಗಿತ್ತು, ಅದು ನಿಜ.

ಹಿಮ ಬೀಳುವ ಮುನ್ನವೇ ಒಂದು ಭಾನುವಾರ ಪರೀಕ್ಷೆ. ನಾವು ಮುಂದಿನ ಸೀಟಿನಲ್ಲಿ, ಹಿಂದೆ ಐದನೇ ತರಗತಿಯ ಮೊಮ್ಮಗಳು. ಊರೊಳಗೆ ಎಲ್ಲ ಸುಗಮ. ಹೆದ್ದಾರಿಯಲ್ಲಿ ವೇಗ ಎಂಬತ್ತು ಕಿಲೋಮೀಟರ್ ಮುಟ್ಟುತ್ತಲೇ ಕಾರು ತೊಟ್ಟಿಲಾಯಿತು.

“ಮಾಮಾ, ಬಾಲ ಅಲ್ಲಾಡಿಸ್ಲಿಕ್ಕೆ ಹತ್ತೇದ!” ಎಂದ ಅಳಿಯ. ಮುಖ ಬಿಳುಚಿತ್ತು. ಆದರೆ ಅವನು ಬ್ರೇಕ್ ಒದೆಯಲಿಲ್ಲ, ಚಕ್ರವನ್ನು ಅತ್ತಿತ್ತ ತಿರುವಲೂ ಇಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೆಟ್ಟಗೆ ಹಿಡಿದ. ವೇಗ ಇಳಿದಂತೆ ತೂಗಾಟ ನಿಂತಿತು. ಎದುರಿನಿಂದ ದೊಡ್ಡದೊಂದು ಲಾರಿ ಬಂದು ಹಾದುಹೋಯಿತು. ಅರ್ಧ ನಿಮಿಷ ಮೊದಲು ಬಂದಿದ್ದರೆ ಈ ಅಂಕಣ ಬರೆಯಲು ನಾವು ಇರುತ್ತಿದ್ದೆವೋ ಇಲ್ಲವೋ. ಮೊಮ್ಮಗಳು ಮಾತ್ರ “ಇನ್ನೊಮ್ಮೆ” ಎಂದಳು.

ಮನೆಗೆ ಬಂದ ಮೇಲೆ ನಮಗೆ ನೆನಪಾದದ್ದು ನಮ್ಮ ತಂದೆಯವರ ಚಕ್ಕಡಿ. ಜೋಳದ ಚೀಲ ಹೇರುವಾಗ ಅವರು ನೊಗದ ಬಳಿ ನಿಂತು, ಅದನ್ನೊಮ್ಮೆ ಎತ್ತಿ ನೋಡಿ, “ಹಿಂಭಾರ ಆಗ್ಯದ, ಒಂದು ಚೀಲ ಮುಂದ ತರ್ರಿ” ಎನ್ನುತ್ತಿದ್ದರು. ಹಿಂಭಾರವಾದರೆ ನೊಗ ಮೇಲೆದ್ದು, ಕೊರಳ ಹಗ್ಗ ಎತ್ತಿನ ಗಂಟಲು ಬಿಗಿಯುತ್ತದೆ. ಎತ್ತು ನಿಂತುಬಿಡುತ್ತದೆ. ಕಾರು ಪಾಪ, ನಿಲ್ಲಲು ಅರಿಯದು.

“ನಿಮ್ಮ ಅಜ್ಜನ ಲೆಕ್ಕಾ ಮರತೀ?” ಎಂದೆವು. ಅಳಿಯ ಮಾತಾಡದೆ ಬಚ್ಚಲುಮನೆಯ ತೂಕದ ಯಂತ್ರ ತಂದ. ಹಿಮಗಾಡಿ ಏರಿಸಿದ ಟ್ರೇಲರನ್ನು ಸಮತಟ್ಟಾಗಿ ನಿಲ್ಲಿಸಿ, ಮೂಕಿಯ ಕೊಂಡಿಯ ಕೆಳಗೆ ಮರದ ತುಂಡು, ಅದರ ಕೆಳಗೆ ಯಂತ್ರ. ಟ್ರೇಲರ್ ಇನ್ನೂರು ಕಿಲೋ, ಹಿಮಗಾಡಿ ಇನ್ನೂರೈವತ್ತು, ಒಟ್ಟು 450. ಇದರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂಡಬೇಕು. ಯಂತ್ರ ತೋರಿಸಿದ್ದು ಹದಿನೈದೇ ಕಿಲೋ!

ಪುಣ್ಯಕ್ಕೆ ಅಚ್ಚನ್ನು ಬೆಸುಗೆ ಹಾಕಿರಲಿಲ್ಲ. ಅದರ ಸ್ಪ್ರಿಂಗುಗಳನ್ನು ಚೌಕಟ್ಟಿಗೆ ಬೋಲ್ಟಿನಿಂದ ಬಿಗಿದಿದ್ದ. ಎರಡು ಸಂಜೆ ದುಡಿದು ಹನ್ನೊಂದು ಅಂಗುಲ ಹಿಂದಕ್ಕೆ ಸರಿಸಿದೆವು. ಈಗ ಹಾಸಿನ ಐದರಲ್ಲಿ ಮೂರು ಪಾಲು ಅಚ್ಚಿನ ಮುಂದೆ, ಎರಡು ಹಿಂದೆ. ಮತ್ತೆ ತೂಗಿದಾಗ ಹೆಚ್ಚುಕಡಿಮೆ ಐವತ್ತು ಕಿಲೋ ಬಂತು. ಜಾರುಪಟ್ಟಿಯ ತುದಿ ಎಲ್ಲಿ ನಿಲ್ಲಬೇಕೆಂದು ಹಾಸಿನ ಮೇಲೆ ಕೆಂಪು ಗೆರೆ ಎಳೆದೆವು. ಭಾರ ಹಿಂದೆ ಸರಿದರೆ ಅಚ್ಚು ಸರಿಸಿದ್ದೆಲ್ಲ ವ್ಯರ್ಥವಷ್ಟೆ.

ಮುಂದಿನ ಭಾನುವಾರ ಅದೇ ಹೆದ್ದಾರಿ, ಅದೇ ಎಂಬತ್ತು. ಈ ಸಲ ಮೊಮ್ಮಗಳನ್ನು ತಾಯಿ ಕಳಿಸಲಿಲ್ಲ. ಟ್ರೇಲರ್ ಎಳೆದ ಗೆರೆಯಂತೆ ಹಿಂದೆ ಬಂತು. ಮನೆಯಲ್ಲಿ ಈಗ ಉಳಿದಿರುವ ವ್ಯಾಜ್ಯ ಒಂದೇ: ತೂಕದ ಯಂತ್ರ ಇನ್ನೂ ಗ್ಯಾರೇಜಿನಲ್ಲೇ ಇದೆಯೆಂದು ಕಳೆದ ವಾರವೂ ಅವಳು ಫೋನಿನಲ್ಲಿ ದೂರಿದಳು.