ಗೇಟಿನ ಆಚೆ ಆಡಲು ಹೋದ ಮಕ್ಕಳು

ಪುಣೆಯ ನಮ್ಮ ಹೌಸಿಂಗ್ ಸೊಸೈಟಿಯ ಕಳೆದ ಸೆಪ್ಟೆಂಬರಿನ ವಾರ್ಷಿಕ ಸಭೆಯಲ್ಲಿ ಒಂದು ಠರಾವು ಬಂತು. ಎ ವಿಂಗ್ ಮತ್ತು ಬಿ ವಿಂಗ್ ನಡುವಿನ ಜಾಗದಲ್ಲಿ ಇನ್ನು ಮುಂದೆ ಚೆಂಡಾಟ ಆಡಕೂಡದು. ಮೆಂಟೆನನ್ಸ್ ಬಾಕಿ, ಲಿಫ್ಟ್ ರಿಪೇರಿ, ಗಣೇಶೋತ್ಸವದ ವಂತಿಗೆಯ ಲೆಕ್ಕ ಅಂತ ಎರಡು ತಾಸು ಜಗಳವಾಡಿದ್ದ ನಾವು ಈ ಠರಾವಿಗೆ ಎರಡು ನಿಮಿಷವನ್ನೂ ಕೊಡಲಿಲ್ಲ. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಸಭೆಗೆ ಹದಿನೈದು ದಿನ ಮುಂಚೆ ಟೆನಿಸ್ ಚೆಂಡು ಬಡಿದು ನನ್ನ ಕಾರಿನ ಎಡಗಡೆಯ ಕನ್ನಡಿ ಒಡೆದಿತ್ತು. ಹೊಸದಕ್ಕೆ 4,200 ರೂಪಾಯಿ ತೆತ್ತಿದ್ದೆ. ಸಿಟ್ಟು ಇನ್ನೂ ಆರಿರಲಿಲ್ಲ. ಬ್ಯಾಟ್ ಬೀಸಿದ್ದು ಯಾರು ಅಂತ ಎಷ್ಟು ಕೇಳಿದರೂ ಮಕ್ಕಳು ಬಾಯಿ ಬಿಟ್ಟಿರಲಿಲ್ಲ.

ಮರುವಾರವೇ ಮರಾಠಿಯಲ್ಲಿ ಬರೆದ ಕೆಂಪಕ್ಷರದ ಫಲಕ ಬಂತು. ಅದನ್ನು ಮೊದಲು ಪ್ರಶ್ನಿಸಿದವಳು, ದಸರೆಗೆಂದು ಧಾರವಾಡದಿಂದ ಬಂದಿದ್ದ ನನ್ನ ಅವ್ವ. ಸಂಜೆ ಕೆಳಗಿನ ಬೆಂಚಿನ ಮೇಲೆ ಕೂತು ಬಂದವಳು ಕೇಳಿದಳು: ‘ಅಲ್ಲೋ ತಮ್ಮಾ, ಅಷ್ಟು ದೊಡ್ಡ ಜಾಗಾ ಖಾಲಿ ಬಿದ್ದದ. ಹುಡುಗೂರು ಆಡಬಾರದಂದ್ರ, ಏನು ಕಾರ್ ಆಡ್ತಾವೇನು ಅಲ್ಲೆ?’ ನಾನು ಇನ್ಶೂರೆನ್ಸು, ಸೊಸೈಟಿ ನಿಯಮ ಅಂತ ಏನೋ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಳ್ಳದೆ ಒಳಗೆ ಹೋದಳು.

ಇದರಲ್ಲಿ ಒಂದು ನಾಚಿಕೆಯ ಸಂಗತಿಯೂ ಇದೆ. ಅದೇ ಜಾಗದಲ್ಲಿ ರಾತ್ರಿ ಎಂಟೂವರೆಗೆ ನಾವು ಏಳೆಂಟು ಜನ ಗಂಡಸರು ನೆಟ್ ಕಟ್ಟಿ ಬ್ಯಾಡ್ಮಿಂಟನ್ ಆಡುತ್ತೇವೆ. ಮಕ್ಕಳಿಗೆ ನಿಷೇಧ ಹಾಕಿದ ಮೇಲೂ ನಮ್ಮ ಆಟ ಒಂದು ದಿನ ನಿಲ್ಲಲಿಲ್ಲ. ಶಟಲ್ ಎಂದರೆ ಚೆಂಡಲ್ಲವಲ್ಲ! ಹೀಗಂತ ವಾದಿಸಿದವರು ಸುಪ್ರೀಂ ಕೋರ್ಟಿನ ವಕೀಲರಲ್ಲ, ನಮ್ಮ ಗುಂಪಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರು. ನಾವೆಲ್ಲ ನಕ್ಕು ಒಪ್ಪಿಕೊಂಡೆವು.

ಬ್ಯಾಡ್ಮಿಂಟನ್‌ಗೂ ಈ ಊರಿಗೂ ಹಳೆಯ ನಂಟು. 1870ರ ದಶಕದಲ್ಲಿ ಇಲ್ಲಿನ ದಂಡಿನಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಆಡುತ್ತಿದ್ದ ಆಟಕ್ಕೆ ‘ಪೂನಾ’ ಅಂತಲೇ ಹೆಸರಿತ್ತು. ಆಮೇಲೆ ಇಂಗ್ಲೆಂಡಿನ ಒಂದು ಬಂಗಲೆಯ ಹೆಸರು ಅದಕ್ಕೆ ಅಂಟಿಕೊಂಡಿತು. ನಾವು ಪುಣೆಯಲ್ಲಿರುವ ಕನ್ನಡಿಗರು ಈ ವಿಷಯ ಬಂದಾಗ ಸುಮ್ಮನಿರುವವರಲ್ಲ. ಆಟ ನಿಮ್ಮ ಊರಿನದಿರಬಹುದು, 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದವರು ನಮ್ಮ ಪ್ರಕಾಶ್ ಪಡುಕೋಣೆ ಅಂತ ಹೇಳಿಯೇ ತೀರುತ್ತೇವೆ. ಅವರು ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಕಲ್ಯಾಣ ಮಂಟಪದಲ್ಲಿ. ಮದುವೆ ಇದ್ದರೆ ಆಟವಿಲ್ಲ, ಮದುವೆ ಇಲ್ಲದ ದಿನ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಟ. ಅಂದರೆ ಊಟದ ಎಲೆ ಹಾಕುವ ಜಾಗವೂ ಹೊತ್ತು ನೋಡಿಕೊಂಡು ಕೋರ್ಟ್ ಆಗುತ್ತಿತ್ತು. ಯಾರೋ ಹಿರಿಯರು ಆಗಲಿ ಬಿಡಿ ಅಂದಿರಬೇಕು. ನಮ್ಮ ಸಮಿತಿಯಂಥ ಸಮಿತಿ ಆ ಮಂಟಪಕ್ಕೆ ಇದ್ದಿದ್ದರೆ ಏನಾಗುತ್ತಿತ್ತೋ.

ಮಕ್ಕಳು ಆಟ ನಿಲ್ಲಿಸಲಿಲ್ಲ. ಜಾಗ ಬದಲಿಸಿದರು, ಅಷ್ಟೆ. ಸೊಸೈಟಿಯ ಹಿಂದಿನ ಗೇಟಿನ ಆಚೆ ಹೊಸ ಕಟ್ಟಡಗಳ ನಡುವೆ ಒಂದು ಅರ್ಧಂಬರ್ಧ ಡಾಂಬರು ರಸ್ತೆ ಇದೆ. ಮುಂದೆ ದಾರಿಯಿಲ್ಲದ್ದರಿಂದ ಬಸ್ಸು ಲಾರಿಗಳ ಕಾಟವಿಲ್ಲ. ಆದರೆ ಪುಣೆಯ ಹೊಸ ಬಡಾವಣೆಗಳಲ್ಲಿ ಇದ್ದವರಿಗೆಲ್ಲ ಗೊತ್ತು, ಬೇರೆ ಯಾವ ಗಾಡಿ ಬರದಿದ್ದರೂ ನೀರಿನ ಟ್ಯಾಂಕರ್ ಬಂದೇ ಬರುತ್ತದೆ. ಬೇಸಿಗೆಯಲ್ಲಿ ನಮಗೇ ದಿನಕ್ಕೆ ನಾಲ್ಕೈದು ಬರುತ್ತವೆ. ಆ ರಸ್ತೆಯ ಒಂದು ದೀಪದ ಕಂಬ ಎಂದಿನಿಂದಲೋ ಕತ್ತಲಾಗಿತ್ತು. ನಾವ್ಯಾರೂ ದೂರು ಕೊಟ್ಟಿರಲಿಲ್ಲ, ಏಕೆಂದರೆ ನಾವ್ಯಾರೂ ಅಲ್ಲಿ ಕಾಲಿಟ್ಟವರಲ್ಲ. ಬೇಸ್‌ಮೆಂಟಿನಿಂದ ಕಾರು ಹತ್ತಿ ಮುಂದಿನ ಗೇಟಿನಿಂದ ಹೋಗುವವರಿಗೆ ಹಿಂದಿನ ರಸ್ತೆಯ ಕತ್ತಲು ಹೇಗೆ ಕಾಣಬೇಕು?

ಡಿಸೆಂಬರಿನಲ್ಲಿ ಪಕ್ಕದ ಓಣಿಯಲ್ಲಿ ಬೈಕಿನಲ್ಲಿ ಬಂದವರು ಹೆಂಗಸೊಬ್ಬರ ಸರ ಕಿತ್ತುಕೊಂಡು ಹೋದರು. ನಮ್ಮ ವಾಟ್ಸಾಪ್ ಗುಂಪಿಗೆ ಜೀವ ಬಂತು. ಎಂಟಿದ್ದ ಸಿಸಿಟಿವಿ ಕ್ಯಾಮೆರಾ ಹದಿನಾರಾದವು. ಮನೆಗೆಲಸದವರು, ಹಾಲಿನವರು, ಕೊರಿಯರಿನವರು ಎಲ್ಲರೂ ಮೊಬೈಲ್ ಆ್ಯಪಿನಲ್ಲಿ ಒಪ್ಪಿಗೆ ಪಡೆದೇ ಒಳಗೆ ಬರಬೇಕೆಂದಾಯಿತು. ಕಾಂಪೌಂಡಿನ ಮೇಲೆ ಮುಳ್ಳುತಂತಿಯ ಸುರುಳಿ ಬಂತು. ಖರ್ಚು ಪ್ರತಿ ಫ್ಲ್ಯಾಟಿನ ತಲೆಗೆ. ಯಾರೂ ಚಕಾರವೆತ್ತಲಿಲ್ಲ. ನಾನಂತೂ ಯುಪಿಐನಲ್ಲಿ ಮೊದಲ ದಿನವೇ ಹಣ ಹಾಕಿದೆ. ಸಂಜೆ ಆರರಿಂದ ಏಳೂವರೆಯವರೆಗೆ ನಮ್ಮದೇ ಇಪ್ಪತ್ತು ಮಕ್ಕಳು ಆ ಹದಿನಾರು ಕ್ಯಾಮೆರಾಗಳ ಕಣ್ಣಿನ ಆಚೆ, ಮುಳ್ಳುತಂತಿಯ ಆಚೆ, ಕತ್ತಲು ಕಂಬದ ಕೆಳಗೆ ಇರುತ್ತಿದ್ದರು ಎನ್ನುವುದು ನಮ್ಮ ಯಾರ ಮೆಸೇಜಿನಲ್ಲೂ ಇರಲಿಲ್ಲ.

ಅದನ್ನು ಹೇಳಿದವನು ನಮ್ಮ ವಾಚ್‌ಮನ್. ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ನನ್ನ ಜೊತೆ ಮಾತ್ರ ಕನ್ನಡ, ಉಳಿದವರ ಜೊತೆ ಮರಾಠಿ. ಒಂದು ರಾತ್ರಿ ನೆಟ್ ಬಿಚ್ಚುವಾಗ ಅಂದ: ‘ಸರ, ಕ್ಯಾಮೆರಾ ಹಾಕಿಸಿದ್ರಿ, ಛಲೋ ಆತು. ಆದ್ರ ಮೊದಲ ಹುಡುಗೂರು ಇಲ್ಲೇ ಆಡತಿದ್ದಾಗ ಹೊಸಾ ಮಂದಿ ಯಾರರ ಒಳಗ ಬಂದ್ರ ಅವ್ರೇ ಬಂದು ಹೇಳತಿದ್ರು. ಮ್ಯಾಲಿನ ಗ್ಯಾಲರಿಯಾಗ ಅವ್ರ ತಾಯಂದ್ರು ನಿಂದರತಿದ್ರು. ಈಗ ಸಂಜೀ ಮುಂದ ಇಲ್ಲಿ ನಾ ಒಬ್ಬನ.’

ಜೇನ್ ಜೇಕಬ್ಸ್ ಎಂಬ ಲೇಖಕಿ 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಬರೆದ ಪುಸ್ತಕದಲ್ಲಿ ಸರಿಸುಮಾರು ಇದನ್ನೇ ವಾದಿಸಿದ್ದಾರೆ. ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಲ್ಲಿ ಓಡಾಡುವ, ಕೂರುವ, ಕಿಟಕಿಯಿಂದ ಇಣುಕುವ ಜನರ ಕಣ್ಣುಗಳು ಎಂದು. ಇಂಡಿಯ ಮನುಷ್ಯ ಆ ಪುಸ್ತಕ ಓದಿಲ್ಲ. ದಿನಕ್ಕೆ ಹನ್ನೆರಡು ತಾಸು ಗೇಟಿನಲ್ಲಿ ನಿಂತಿದ್ದಾನೆ.

ಇಲ್ಲಿ ‘ನಮ್ಮ ಕಾಲದಲ್ಲಿ’ ಅಂತ ಶುರು ಮಾಡುವ ಆಸೆ ನನಗೂ ಇದೆ. ನಾನು ಬೆಳೆದದ್ದು ಧಾರವಾಡದ ಮಾಳಮಡ್ಡಿಯಲ್ಲಿ. ಓಣಿಯಲ್ಲಿ ಕ್ರಿಕೆಟ್, ರಜೆ ಬಂದರೆ ಕರ್ನಾಟಕ ಕಾಲೇಜಿನ ಮೈದಾನ. ಕಟ್ಟೆಯ ಮೇಲೆ ಕೂತ ಅಜ್ಜಂದಿರು ಕಾಯುತ್ತಿದ್ದರು, ಬಯ್ಯುತ್ತಿದ್ದರು, ಔಟೋ ಅಲ್ಲವೋ ಅಂತ ತೀರ್ಪನ್ನೂ ಕೊಡುತ್ತಿದ್ದರು. ಎಂಥ ಸುರಕ್ಷಿತ ಓಣಿ ಅದು ಅಂತ ಮೊನ್ನೆ ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನಗ ಇತ್ತು’ ಅಂದಳು. ನಿಜ. ಅವಳು ಆ ಓಣಿಯಲ್ಲಿ ಒಂದು ದಿನವೂ ಬ್ಯಾಟ್ ಹಿಡಿಯಲಿಲ್ಲ. ಆರು ಗಂಟೆಗೆ ದೀಪ ಹಚ್ಚುವ ಹೊತ್ತಿಗೆ ಅವಳು ಒಳಗಿರಬೇಕಿತ್ತು. ಅವಳಿಗೆ ಓಡಲು ಬರುತ್ತದೋ ಇಲ್ಲವೋ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಹಾಗಾಗಿ ಹಳೆಯ ಓಣಿಯನ್ನು ಹಾಗೆಯೇ ಎತ್ತಿ ತಂದು ಪುಣೆಯಲ್ಲಿ ಇಡೋಣ ಅಂತ ನಾನು ಹೇಳಲಾರೆ. ನನ್ನ ಮಗಳಿಗೆ ಹನ್ನೊಂದು ವರ್ಷ. ಹಿಂದಿನ ರಸ್ತೆಗೆ ಆಟ ಹೋದ ಮೇಲೆ ಮೊದಲು ಆಟ ಬಿಟ್ಟವರು ಹುಡುಗಿಯರೇ. ಐದು ಜನ ಇದ್ದರು. ನವೆಂಬರಿನಲ್ಲಿ ಮೂವರಾದರು, ಸರಗಳ್ಳತನದ ಮರುದಿನ ಒಬ್ಬಳೂ ಇಲ್ಲ. ಯಾವ ತಾಯಿಯೂ ಬೇಡ ಅಂತ ಗಟ್ಟಿಯಾಗಿ ಹೇಳಲಿಲ್ಲ. ಟ್ಯೂಷನ್ನು, ಭರತನಾಟ್ಯ, ನಾಳೆ ಪರೀಕ್ಷೆ ಅಂತ ಒಂದೊಂದು ಕಾರಣ ಹುಟ್ಟಿತು. ನಮ್ಮ ಮನೆಯಲ್ಲಿ ನನ್ನ ಹೆಂಡತಿ ನೇರವಾಗಿಯೇ ಹೇಳಿದಳು: ‘ಆ ಕತ್ತಲಲ್ಲಿ ಕಳಿಸೋಕೆ ಆಗಲ್ಲ. ಬೇಕಿದ್ರೆ ನೀವು ಆರು ಗಂಟೆಗೆ ಆಫೀಸಿನಿಂದ ಬಂದು ಜೊತೆಗೆ ನಿಲ್ಲಿ.’ ನಾನು ಮನೆ ಸೇರುವುದೇ ಎಂಟಕ್ಕೆ.

ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈದಣಿಯುವ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ, ವಾರಕ್ಕಲ್ಲ. ಭಾನುವಾರ ಟರ್ಫ್ ಬುಕ್ ಮಾಡಿದರೆ ಈ ಲೆಕ್ಕ ತೀರುವುದಿಲ್ಲ. ಅದನ್ನೂ ಮಾಡಿ ನೋಡಿದೆವು. ಗಂಟೆಗೆ ಸಾವಿರದ ಮೇಲೆ ಬಾಡಿಗೆ, ಹೋಗಿ ಬರಲು ಟ್ರಾಫಿಕ್ಕಿನಲ್ಲಿ ಒಂದೂವರೆ ತಾಸು, ನಾಲ್ಕು ವಾರಕ್ಕೆ ಎಲ್ಲರೂ ಸುಸ್ತು. ಬಾಲೇವಾಡಿಯಲ್ಲಿ 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ದೊಡ್ಡ ಕ್ರೀಡಾಸಂಕೀರ್ಣವೇ ಈ ಊರಿನಲ್ಲಿದೆ. ಆದರೆ ಹನ್ನೊಂದು ವರ್ಷದ ಹುಡುಗಿಗೆ ದಿನವೂ ಬೇಕಾದದ್ದು ಸ್ಟೇಡಿಯಂ ಅಲ್ಲ. ಚಪ್ಪಲಿ ಮೆಟ್ಟಿ, ಯಾರನ್ನೂ ಕರೆದುಕೊಂಡು ಹೋಗು ಅಂತ ಕೇಳದೆ ಇಳಿದು ಹೋಗಬಹುದಾದ ನಲವತ್ತು ಅಡಿ ಜಾಗ.

ಫೆಬ್ರುವರಿಯ ಕೊನೆಯ ವಾರ ಆಗಬಾರದ್ದು ಆಗುವುದರಲ್ಲಿತ್ತು. ಹಿಮ್ಮುಖವಾಗಿ ಬರುತ್ತಿದ್ದ ಟ್ಯಾಂಕರಿನ ಹಿಂದೆ ಚೆಂಡು ಉರುಳಿತು. ಸಿ ವಿಂಗಿನ ಒಂಬತ್ತು ವರ್ಷದ ಹುಡುಗ ಅದರ ಹಿಂದೆ ಓಡಿದ. ಚಾಲಕನಿಗೆ ಕಾಣುವಂತಿರಲಿಲ್ಲ, ಬೆಳಕೂ ಇರಲಿಲ್ಲ. ದೊಡ್ಡ ಹುಡುಗನೊಬ್ಬ ಅಂಗಿ ಹಿಡಿದು ಎಳೆದದ್ದರಿಂದ ಹುಡುಗ ಉಳಿದ. ಬದಿಗೆ ಮಲಗಿಸಿದ್ದ ಅವನ ಸೈಕಲ್ಲು ಚಕ್ರದ ಕೆಳಗೆ ಸಿಕ್ಕಿತು. ಆ ಸೈಕಲ್ಲನ್ನು ವಾಚ್‌ಮನ್ ಎತ್ತಿ ತಂದು ಗೇಟಿನೊಳಗೆ ಗೋಡೆಗೆ ಒರಗಿಸಿದ್ದ. ಎಂಟು ಗಂಟೆಗೆ ಕಾರಿನಿಂದ ಇಳಿದಾಗ ನಾನು ಮೊದಲು ನೋಡಿದ್ದು ಅದನ್ನೇ. ಹಿಂದಿನ ಚಕ್ರ ರೊಟ್ಟಿಯಂತೆ ಮಡಚಿಕೊಂಡಿತ್ತು. ಅವತ್ತು ರಾತ್ರಿ ಯಾರೂ ನೆಟ್ ಕಟ್ಟಲಿಲ್ಲ.

ವಾಟ್ಸಾಪಿನಲ್ಲಿ ಎರಡು ದಿನ ಟ್ಯಾಂಕರಿನವನನ್ನು ಬೈದದ್ದಾಯಿತು. ಮಕ್ಕಳನ್ನು ಆ ರಸ್ತೆಗೆ ಕಳಿಸಿದ ತಾಯಂದಿರನ್ನು ಒಬ್ಬರು ಬೈದರು. ಆಗ ಹುಡುಗನ ತಂದೆ ಠರಾವಿನ ಪ್ರತಿಯನ್ನು ಫೋಟೊ ತೆಗೆದು ಗುಂಪಿಗೆ ಹಾಕಿದರು. ಪರವಾಗಿ ಮತ ಹಾಕಿದವರ ಫ್ಲ್ಯಾಟ್ ನಂಬರುಗಳು ಅದರಲ್ಲಿದ್ದವು. ಬೇರೆ ಒಂದು ಮಾತನ್ನೂ ಅವರು ಬರೆಯಲಿಲ್ಲ. ನನ್ನ ನಂಬರು ಎರಡನೆಯದು.

ಆ ಭಾನುವಾರ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆವು. ಈ ಸಲ ಮಕ್ಕಳನ್ನೂ ಕೂರಿಸಿಕೊಂಡದ್ದು ಒಳ್ಳೆಯದಾಯಿತು. ನನ್ನ ಕನ್ನಡಿ ಒಡೆದದ್ದು ನನ್ನ ಮಗಳ ಹೊಡೆತಕ್ಕೇ ಎಂಬುದು ಅಲ್ಲೇ ಹೊರಬಿತ್ತು. ಒಂದು ದೊಡ್ಡ ಗುಂಪು ಆರು ತಿಂಗಳು ಅವಳ ಗುಟ್ಟು ಕಾದಿತ್ತು. ಎರಡು ತಾಸಿನ ಹಗ್ಗಜಗ್ಗಾಟದ ನಂತರ ತಾತ್ಕಾಲಿಕವಾಗಿ ಒಂದು ವ್ಯವಸ್ಥೆ ಆಯಿತು. ಸಂಜೆ ಐದೂವರೆಯಿಂದ ಏಳೂವರೆಯವರೆಗೆ ಎರಡು ವಿಂಗ್‌ಗಳ ನಡುವೆ ಹಗ್ಗ ಕಟ್ಟುವುದು. ಅಲ್ಲಿ ನಿಲ್ಲುವ ಹನ್ನೊಂದು ಕಾರುಗಳ ಪೈಕಿ ಮನೆಯಲ್ಲೇ ಇರುವವು ಆ ಹೊತ್ತಿಗೆ ಸಂದರ್ಶಕರ ಜಾಗಕ್ಕೆ ಹೋಗುವುದು. ಟೆನಿಸ್ ಚೆಂಡಿನ ಬದಲು ಮೆತ್ತನೆಯ ರಬ್ಬರ್ ಚೆಂಡು. ಆ ಎರಡು ತಾಸು ಟ್ಯಾಂಕರಿಗೆ ಪ್ರವೇಶವಿಲ್ಲ. ಕನ್ನಡಿ ಒಡೆದರೆ ಖರ್ಚು ಸೊಸೈಟಿಯ ಖಾತೆಯಿಂದ. ದೀಪದ ಕಂಬದ ಬಗ್ಗೆ ಕೊನೆಗೂ ದೂರು ಕೊಟ್ಟೆವು. ನಾಲ್ಕನೆಯ ದಿನ ಬೆಳಕು ಬಂತು. ಇಷ್ಟು ಸುಲಭವಿತ್ತು ಅನ್ನುವುದೇ ಚುಚ್ಚುತ್ತದೆ.

ವಿರೋಧಿಸುವವರ ಮಾತಿನಲ್ಲೂ ಹುರುಳಿಲ್ಲವೆಂದಲ್ಲ. ಬಿ ವಿಂಗಿನ ಕೆಳಮಹಡಿಯಲ್ಲಿ ಹಾಸಿಗೆ ಹಿಡಿದ ಹಿರಿಯರೊಬ್ಬರಿದ್ದಾರೆ, ಅವರ ಕಿಟಕಿಗೇ ಗಲಾಟೆಯೆಲ್ಲ ಬಡಿಯುತ್ತದೆ. ಅದಕ್ಕೆಂದು ಆ ತುದಿಯನ್ನು ಬೌಂಡರಿಯಿಂದ ಹೊರಗಿಟ್ಟು, ಮಂಗಳವಾರ ಮತ್ತು ಶುಕ್ರವಾರ ಮಕ್ಕಳಿಗೆ ಬ್ಯಾಡ್ಮಿಂಟನ್ ಮಾತ್ರ ಅಂತ ಮಾಡಿದ್ದೇವೆ. ಆ ದಿನಗಳಲ್ಲಿ ನಮ್ಮ ನೆಟ್ಟು, ನಮ್ಮ ನೈಲಾನ್ ಶಟಲ್ಲು ಅವರಿಗೆ. ಗಾಳಿ ಬೀಸಿದರೆ ಶಟಲ್ಲು ಮೂರನೆಯ ಮಹಡಿಯ ಗ್ರಿಲ್ಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಬಿಡಿಸಲು ಬಾಲ್ಕನಿಗೆ ಬಂದವರು ಅಲ್ಲೇ ನಿಂತು ಸ್ವಲ್ಪ ಹೊತ್ತು ಆಟ ನೋಡುತ್ತಾರೆ. ಕಳೆದ ತಿಂಗಳಿನಿಂದ ನಾಲ್ವರು ತಾಯಂದಿರೂ ರಾತ್ರಿಯ ಆಟಕ್ಕೆ ಇಳಿದಿದ್ದಾರೆ. ಹತ್ತು ಗಂಟೆಯ ಮೇಲೆ ಶಬ್ದ ಮಾಡುವಂತಿಲ್ಲವಾದ್ದರಿಂದ ಗಂಡಸರ ಪಾಲಿನ ಹೊತ್ತು ಅರ್ಧಕ್ಕೆ ಇಳಿಯಿತು. ನನ್ನ ಮೊಣಕಾಲಿಗೆ ಅದೂ ಒಳ್ಳೆಯದೇ. ಐವರು ಹುಡುಗಿಯರಲ್ಲಿ ನಾಲ್ವರು ಮರಳಿ ಬಂದಿದ್ದಾರೆ. ಒಬ್ಬಳು ಬರಲಿಲ್ಲ. ಅವಳಿಗೆ ಈಗ ಆಟವೇ ಬೇಡವಂತೆ.

ಹೊರ ರಾಜ್ಯದಲ್ಲಿ ಮನೆ ಮಾಡಿದ ನಮಗೆ ಒಂದು ಅಭ್ಯಾಸವಿದೆ. ಇದು ನಮ್ಮೂರಲ್ಲ, ಹೆಚ್ಚು ಮಾತಾಡುವುದು ಬೇಡ ಅಂತ ಸಭೆಗಳಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತು ಬಹುಮತದ ಜೊತೆ ಕೈ ಎತ್ತುವುದು. ಹದಿನೇಳು ವರ್ಷ ನಾನು ಅದನ್ನೇ ಮಾಡಿದ್ದೇನೆ. ನಮ್ಮ ಮಕ್ಕಳಿಗೆ ಮಾತ್ರ ಇದೇ ಊರು. ಅವರು ಜಗಳವಾಡುವುದು, ಎಣಿಸುವುದು, ಔಟ್ ಕೊಡುವುದು ಎಲ್ಲ ಮರಾಠಿಯಲ್ಲೇ.

ಹಳೆಯ ಠರಾವು ಕಾಗದದ ಮೇಲೆ ಇನ್ನೂ ಇದೆ. ಅದನ್ನು ರದ್ದು ಮಾಡಲು ಈ ಸೆಪ್ಟೆಂಬರಿನ ಸಭೆಯೇ ಆಗಬೇಕು. ಕನ್ನಡಿಯ ಕಾರಣಕ್ಕೆ ಕೈ ಎತ್ತಿದವನು ನಾನಾದ್ದರಿಂದ ಸಹಿ ಸಂಗ್ರಹದ ಕೆಲಸ ನನಗೇ ಬಂದಿದೆ. 64 ಫ್ಲ್ಯಾಟುಗಳಲ್ಲಿ ಇದುವರೆಗೆ 29 ಸಹಿ ಆಗಿವೆ. ಮುಂದಿನ ಭಾನುವಾರ ಬಿ ವಿಂಗಿನ ಮೇಲಿನ ಮೂರು ಮಹಡಿಗಳಿಗೆ ಹೋಗಬೇಕು. ಅವ್ವ ಶುಕ್ರವಾರ ಧಾರವಾಡದಿಂದ ಬರುತ್ತಾಳೆ, ತಾನೂ ಜೊತೆಗೆ ಬರುತ್ತೇನೆ ಅಂದಿದ್ದಾಳೆ.